ಒಡೆಯರ ಕೈ ಮೀರಿದ ಹಬ್ಬ



ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ಕುರಿತು ಎರಡು ದೂರುಗಳು ಜೊತೆಜೊತೆಯಾಗಿ ಕೇಳಿಬರುತ್ತವೆ. ಹಬ್ಬವನ್ನು ಮಾರುಕಟ್ಟೆ ನುಂಗಿತು ಎನ್ನುವುದು ಒಂದು. ಸಿನಿಮಾ, ರೇಡಿಯೊ, ಟೆಲಿವಿಷನ್ ಸೇರಿಕೊಂಡು ಹಳೆಯ ಸಂಪ್ರದಾಯವನ್ನು ಕಲಬೆರಕೆ ಮಾಡಿದವು ಎನ್ನುವುದು ಇನ್ನೊಂದು. ಎರಡೂ ದೂರುಗಳ ತಳದಲ್ಲಿರುವ ನಂಬಿಕೆ ಒಂದೇ. ಒಂದಾನೊಂದು ಕಾಲದಲ್ಲಿ ಶುದ್ಧವಾದ ಹಬ್ಬವೊಂದಿತ್ತು, ಅದಕ್ಕೆ ನಿಜವಾದ ಒಡೆಯರಿದ್ದರು, ಆಮೇಲೆ ಯಾರೋ ಬಂದು ಅದನ್ನು ಕಿತ್ತುಕೊಂಡರು ಎಂಬ ನಂಬಿಕೆ ಅದು. ಯುರೋಪು ಮತ್ತು ಅಮೆರಿಕದಲ್ಲಿ ಕಳೆದ ಇನ್ನೂರು ವರ್ಷಗಳಲ್ಲಿ ಈ ಹಬ್ಬ ರೂಪುಗೊಂಡ ಬಗೆಯನ್ನು ನೋಡಿದರೆ ಕತೆ ಬೇರೆಯೇ ಆಗಿ ಕಾಣುತ್ತದೆ. ಇಂದು ನಾವು ಕ್ರಿಸ್‌ಮಸ್ ಸಂಪ್ರದಾಯ ಎಂದು ಕರೆಯುವ ಹಾಡು, ಕತೆ, ಚಿತ್ರ, ಸಿನಿಮಾಗಳಲ್ಲಿ ಬಹುಪಾಲು ಇತ್ತೀಚಿನವು. ಅವನ್ನು ಬರೆದವರು, ಅಚ್ಚು ಹಾಕಿದವರು, ಮಾರಿದವರು ಯಾರು ಎಂಬುದೂ ನಮಗೆ ಗೊತ್ತಿದೆ. ಅವು ಹಬ್ಬದ ಸೊತ್ತಾದದ್ದು ಹಳೆಯವಾದ್ದರಿಂದ ಅಲ್ಲ. ಮಾಡಿದವರ ಹಿಡಿತ ಸಡಿಲಗೊಂಡು, ಜನ ಅವನ್ನು ತಮ್ಮ ನಾಲಿಗೆಗೆ, ತಮ್ಮ ಕೈಗೆ ಒಗ್ಗಿಸಿಕೊಂಡಾಗ ಅವು ಸಂಪ್ರದಾಯವಾದವು. ಇದೇ ಈ ಉಪನ್ಯಾಸದ ವಾದ. ಜನಪದ ಸಾಹಿತ್ಯ ಓದಿದ ಕನ್ನಡಿಗರಿಗೆ ಇದು ತೀರಾ ಹೊಸ ಮಾತಲ್ಲ. ಬೀಸುಕಲ್ಲಿನ ಪದವನ್ನು ಮೊದಲು ಕಟ್ಟಿದವಳು ಒಬ್ಬಳು ಇದ್ದೇ ಇದ್ದಳು. ಅದು ನೂರು ಬಾಯಿಗೆ ಬಿದ್ದು ಮಾತು ಮಾರ್ಪಟ್ಟ ಮೇಲೆ ಜನಪದವಾಯಿತು. ಅಚ್ಚು, ಹಕ್ಕುಸ್ವಾಮ್ಯ ಮತ್ತು ದೊಡ್ಡ ವ್ಯಾಪಾರದ ಕಾಲದಲ್ಲೂ ಇದೇ ಕ್ರಿಯೆ ನಡೆದಿದೆ ಎಂಬುದಕ್ಕೆ ಕ್ರಿಸ್‌ಮಸ್‌ನಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದು ಸಿಗಲಾರದು.

ಮೊದಲ ಸಾಕ್ಷಿಯಾಗಿ ಒಂದು ಹಾಡನ್ನು ತೆಗೆದುಕೊಳ್ಳೋಣ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಎಂಬ ನದಿದಂಡೆಯ ಊರಿನಲ್ಲಿ 1818ರ ಡಿಸೆಂಬರ್ 24ರಂದು 'ಸೈಲೆಂಟ್ ನೈಟ್' ಮೊದಲ ಬಾರಿಗೆ ಕೇಳಿಸಿತು. ಪದ್ಯ ಸಹಾಯಕ ಪಾದ್ರಿ ಯೋಸೆಫ್ ಮೋರ್ ಅವರದು, ಅದನ್ನು ಅವರು ಎರಡು ವರ್ಷ ಮೊದಲೇ ಬರೆದಿದ್ದರು. ರಾಗ ಹಾಕಿದವರು ಪಕ್ಕದ ಹಳ್ಳಿಯ ಶಾಲಾಮಾಸ್ತರ ಫ್ರಾನ್ಜ್ ಗ್ರೂಬರ್. ಇಬ್ಬರೂ ಗಿಟಾರಿನ ಜೊತೆಗೆ ಹಾಡಿದರು, ಅಷ್ಟೇ. ಆ ಹಾಡು ಊರು ಬಿಟ್ಟದ್ದು ಆರ್ಗನ್ ವಾದ್ಯ ಕಟ್ಟುವ ಕಸುಬುದಾರನೊಬ್ಬನ ಮೂಲಕ. ಅವನಿಂದ ಅದು ಟಿರೋಲ್ ಪ್ರಾಂತದ ಜಿಲ್ಲರ್ ಕಣಿವೆಗೆ ಹೋಯಿತು. ಅಲ್ಲಿನ ಸ್ಟ್ರಾಸರ್ ಕುಟುಂಬದವರು ಕೈಗವಸು ಮಾರಲು ಜಾತ್ರೆಯಿಂದ ಜಾತ್ರೆಗೆ ತಿರುಗುವವರು. ಸರಕಿನ ಜೊತೆ ಹಾಡನ್ನೂ ಲೈಪ್‌ಜಿಗ್‌ಗೆ ಒಯ್ದರು. ಮುಂದೆ ಡ್ರೆಸ್ಡೆನ್‌ನ ಪ್ರಕಾಶಕನೊಬ್ಬ ಅದನ್ನು ಟಿರೋಲಿನ ಅಸಲಿ ಜನಪದ ಗೀತೆಗಳ ಗುಂಪಿನಲ್ಲಿ ಸೇರಿಸಿ ಅಚ್ಚು ಹಾಕಿದ. ಮೋರ್ ಆಗಲಿ ಗ್ರೂಬರ್ ಆಗಲಿ ಅದರಲ್ಲಿ ಕಾಣಿಸಲೇ ಇಲ್ಲ. 1839ರಲ್ಲಿ ಅದೇ ಕಣಿವೆಯ ರೈನರ್ ಕುಟುಂಬ ಅದನ್ನು ನ್ಯೂಯಾರ್ಕಿನಲ್ಲಿ ಹಾಡಿತು. 1854ರಲ್ಲಿ ಬರ್ಲಿನ್ನಿನ ಅರಮನೆಯ ಸಂಗೀತಗಾರರು ಇದು ಯಾರ ರಚನೆ ಎಂದು ವಿಚಾರಿಸಿದಾಗ ಗ್ರೂಬರ್ ಕುಳಿತು, ನಡೆದದ್ದನ್ನು ಕಾಗದದಲ್ಲಿ ಬರೆದುಕೊಡಬೇಕಾಯಿತು. ಮೋರ್ ಅಷ್ಟರಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಗಮನಿಸಬೇಕಾದ ಸಂಗತಿ ಇನ್ನೂ ಒಂದಿದೆ. ಇವತ್ತು ಲೋಕವೆಲ್ಲ ಹಾಡುವ ಧಾಟಿ ಗ್ರೂಬರ್ ಬರೆದ ಧಾಟಿಗಿಂತ ಕೆಲವು ಸ್ವರಗಳಲ್ಲಿ ಬೇರೆ. ಮೂವತ್ತೈದು ವರ್ಷ ಕಣಿವೆ, ಜಾತ್ರೆ, ಸಭಾಭವನಗಳಲ್ಲಿ ಬಾಯಿಂದ ಬಾಯಿಗೆ ದಾಟುತ್ತ ಸವೆದ ಸ್ವರಗಳವು. ಕರ್ತೃವೇ ಬಂದು ಹಸ್ತಪ್ರತಿ ಮುಂದಿಟ್ಟ ಮೇಲೂ ಜನ ತಾವು ಸವೆಸಿದ್ದನ್ನೇ ಉಳಿಸಿಕೊಂಡರು. ಕನ್ನಡದ ಚರ್ಚುಗಳಲ್ಲಿ ಕನ್ನಡದ ಮಾತು ತುಂಬಿ ಹಾಡುವಾಗಲೂ ಆ ಸವೆದ ಧಾಟಿಯೇ ನಮ್ಮ ಕಿವಿಗೆ ಬೀಳುತ್ತದೆ.

ಎರಡನೆಯ ಸಾಕ್ಷಿ 1843ರದು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದ ವರ್ಷವಾಗಿ ನಮಗೆ ಅದು ಪರಿಚಿತ. ಅದೇ ವರ್ಷ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಕಲಾವಿದ ಹಾರ್ಸ್‌ಲೀ ಅವರಿಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಬರೆಸಿದ, ಮತ್ತು ಡಿಸೆಂಬರ್ 19ರಂದು ಚಾರ್ಲ್ಸ್ ಡಿಕನ್ಸ್ ಅವರ 'ಎ ಕ್ರಿಸ್‌ಮಸ್ ಕ್ಯಾರಲ್' ಅಂಗಡಿಗೆ ಬಂತು. ಡಿಕನ್ಸ್ ಆಗ ಹಣದ ಮುಗ್ಗಟ್ಟಿನಲ್ಲಿದ್ದರು. ಅಚ್ಚಿನ ಖರ್ಚನ್ನು ತಾವೇ ಹೊತ್ತು, ಬಣ್ಣದ ಚಿತ್ರ, ಚಿನ್ನದ ಅಂಚು ಇಡಿಸಿ ಬೆಲೆಯನ್ನು ಐದು ಶಿಲ್ಲಿಂಗಿಗೆ ಇಳಿಸಿದರು. ಕ್ರಿಸ್‌ಮಸ್ ಹಿಂದಿನ ದಿನಕ್ಕೆ ಆರು ಸಾವಿರ ಪ್ರತಿ ಖರ್ಚಾದವು. ಸಾವಿರ ಪೌಂಡ್ ಲಾಭ ಬರುತ್ತದೆಂದು ಲೆಕ್ಕ ಹಾಕಿದ್ದ ಲೇಖಕರಿಗೆ ಮೊದಲ ಮುದ್ರಣದಲ್ಲಿ ದಕ್ಕಿದ್ದು ಸುಮಾರು 230 ಪೌಂಡ್. ಜನವರಿ ಮೊದಲ ವಾರದಲ್ಲೇ ಒಂದು ಅಗ್ಗದ ಪತ್ರಿಕೆ ಕತೆಯನ್ನು ಸ್ವಲ್ಪ ತಿದ್ದಿ ಎರಡು ಪೆನ್ನಿಗೆ ಮಾರಿತು. ಡಿಕನ್ಸ್ ಕೋರ್ಟಿಗೆ ಹೋದರು, ಗೆದ್ದರು. ಸೋತವರು ದಿವಾಳಿ ಎದ್ದದ್ದರಿಂದ ಸುಮಾರು 700 ಪೌಂಡಿನ ವ್ಯಾಜ್ಯದ ಖರ್ಚು ಗೆದ್ದವರ ತಲೆಗೇ ಬಂತು. ಅಷ್ಟರಲ್ಲಿ ಕತೆ ರಂಗಕ್ಕೆ ಏರಿತ್ತು. ಫೆಬ್ರವರಿ 5ರಂದು ಒಂದೇ ದಿನ ಲಂಡನ್ನಿನಲ್ಲಿ ಮೂರು ನಾಟಕಗಳಾಗಿ ಅದು ಶುರುವಾಯಿತು. ಕೊನೆಗೆ ಡಿಕನ್ಸ್ ಅವರೇ 1853ರಿಂದ ಸಭೆಗಳ ಮುಂದೆ ನಿಂತು ಅದನ್ನು ಓದತೊಡಗಿದರು, ತಮ್ಮದೇ ಪುಸ್ತಕವನ್ನು ಓದುವ ಅನುಕೂಲಕ್ಕಾಗಿ ಕತ್ತರಿಸಿಕೊಂಡರು. ಐದು ಶಿಲ್ಲಿಂಗಿನ ಪುಸ್ತಕ ಕೊಳ್ಳಲಾರದವರಿಗೂ ಸ್ಕ್ರೂಜ್ ಎಂಬ ಜಿಪುಣ ಗೊತ್ತಾದದ್ದು ಇಂಥ ಕಳ್ಳದಾರಿ, ಅಡ್ಡದಾರಿಗಳಿಂದ. ಆ ಹೆಸರು ಇಂಗ್ಲಿಷಿನಲ್ಲಿ ಜಿಪುಣನಿಗೆ ಸಾಮಾನ್ಯ ನಾಮವಾಗಿ ನಿಂತಿದೆ. ಒಬ್ಬ ಲೇಖಕ ಭಾಷೆಗೆ ಒಂದು ಪದವನ್ನು ಬಿಟ್ಟುಕೊಟ್ಟ ಮೇಲೆ ಅದರ ಮೇಲೆ ಅವನಿಗೆ ಉಳಿಯುವುದು ಗೌರವವಷ್ಟೇ, ಹಿಡಿತವಲ್ಲ.

ಕ್ರಿಸ್‌ಮಸ್ ಮರವೂ ಸಾಂಟಾ ಕ್ಲಾಸ್‌ನೂ ಬಂದ ದಾರಿ ಇದೇ. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರವನ್ನು 1848ರಲ್ಲಿ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪ್ರಕಟಿಸಿತು. ಎರಡು ವರ್ಷದ ನಂತರ ಫಿಲಡೆಲ್ಫಿಯಾದ 'ಗೋಡೀಸ್ ಲೇಡೀಸ್ ಬುಕ್' ಅದನ್ನೇ ಮರುಮುದ್ರಿಸಿದಾಗ ರಾಣಿಯ ತಲೆಯ ಕಿರೀಟವನ್ನೂ ಆಲ್ಬರ್ಟ್‌ನ ಮೀಸೆಯನ್ನೂ ಅಳಿಸಿಹಾಕಿತು. ಅರಮನೆಯ ಚಿತ್ರ ಆ ಎರಡು ಗೀಟಿನಲ್ಲಿ ಯಾವುದೋ ಅಮೆರಿಕನ್ ಮನೆಯ ಚಿತ್ರವಾಯಿತು, ಓದುಗರು ತಮ್ಮ ಮನೆಯಲ್ಲೂ ಇಡಬಹುದಾದ ಮರವಾಯಿತು. ಸಾಂಟಾನ ಜಾರುಬಂಡಿಯನ್ನೂ ಎಂಟು ಹಿಮಸಾರಂಗಗಳನ್ನೂ ಮನೆಮನೆಗೆ ತಲುಪಿಸಿದ ಪದ್ಯ 1823ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾಯಿತು. ಕ್ಲೆಮೆಂಟ್ ಕ್ಲಾರ್ಕ್ ಮೂರ್ ಅದನ್ನು ತಮ್ಮ ಸಂಕಲನಕ್ಕೆ ಸೇರಿಸಿದ್ದು 1844ರಲ್ಲಿ. ಅದು ಬೇರೆಯವರ ರಚನೆ ಎಂಬ ವಾದ ಇಂದಿಗೂ ನಿಂತಿಲ್ಲ. ಮೊದಲ ಹಲವು ವರ್ಷ ಪತ್ರಿಕೆಯಿಂದ ಪತ್ರಿಕೆಗೆ ಹಾರುತ್ತ ಹೋದ ಪದ್ಯಕ್ಕೆ ಒಡೆಯರೇ ಇರಲಿಲ್ಲ. ಚಿತ್ರಕಾರ ಥಾಮಸ್ ನಾಸ್ಟ್ 1863ರಿಂದ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಪದ್ಯದೊಳಗಿನ ಗಡ್ಡ, ಹೊಟ್ಟೆಗಳಿಗೆ ಚಿತ್ರರೂಪ ಕೊಟ್ಟು, ಸಾಂಟಾನಿಗೆ ಉತ್ತರ ಧ್ರುವದ ವಿಳಾಸವನ್ನೂ ಕೂಡಿಸಿದರು. ಕೋಕಾ-ಕೋಲಾ ಕಂಪನಿಯೇ ಸಾಂಟಾನನ್ನು ಸೃಷ್ಟಿಸಿತು ಎಂಬ ಮಾತು ಎಷ್ಟು ಜನಪ್ರಿಯವೋ ಅಷ್ಟೇ ತಪ್ಪು. ಆ ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಮ್ ಸಾಂಟಾನನ್ನು ಬರೆಯತೊಡಗಿದ್ದು 1931ರಲ್ಲಿ. ಅಷ್ಟರಲ್ಲಿ ಕೆಂಪಂಗಿಯ ದಪ್ಪ ಮುದುಕ ಎಲ್ಲರ ಸೊತ್ತಾಗಿದ್ದ. ವ್ಯಾಪಾರ ಇಲ್ಲಿ ಸಾರ್ವಜನಿಕ ಕೆರೆಯಿಂದ ನೀರು ತುಂಬಿಕೊಂಡಿತು. ಆ ಕೆರೆಯನ್ನು ಅಗೆದವರು ಬೇರೆ, ಬಹಳ ಮಂದಿ.

ಇಷ್ಟರಿಂದಲೇ ವಾದ ಗೆದ್ದಿತು ಎನ್ನಲಾಗದು. ಇವೆಲ್ಲ ಕಾನೂನು ದುರ್ಬಲವಾಗಿದ್ದ ಹತ್ತೊಂಬತ್ತನೇ ಶತಮಾನದ ಸಂಗತಿಗಳು, ಆಗ ಯಾವುದು ತಾನೇ ಕೈ ತಪ್ಪುತ್ತಿರಲಿಲ್ಲ ಎಂದು ಕೇಳಬಹುದು. ಅದಕ್ಕೆ ಇಪ್ಪತ್ತನೇ ಶತಮಾನದ ಒಂದು ಸಿನಿಮಾ, ಹೆಚ್ಚುಕಡಿಮೆ ಪ್ರಯೋಗಶಾಲೆಯ ಪರೀಕ್ಷೆಯಂತೆ, ಉತ್ತರ ಕೊಡುತ್ತದೆ. ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್ ಎಂಬ ಲೇಖಕರು ಒಂದು ಸಣ್ಣ ಕತೆ ಬರೆದರು. ಪ್ರಕಾಶಕರು ಯಾರೂ ಒಪ್ಪದಿದ್ದಾಗ 1943ರಲ್ಲಿ ಅದನ್ನು ಇನ್ನೂರು ಪ್ರತಿ ಅಚ್ಚು ಹಾಕಿಸಿ ಸ್ನೇಹಿತರಿಗೆ ಕ್ರಿಸ್‌ಮಸ್ ಶುಭಾಶಯದಂತೆ ಕಳಿಸಿದರು. ಅದರಿಂದ ಹುಟ್ಟಿದ್ದು ಫ್ರಾಂಕ್ ಕಾಪ್ರಾ ನಿರ್ದೇಶನದ 'ಇಟ್ಸ್ ಎ ವಂಡರ್‌ಫುಲ್ ಲೈಫ್', ಬಿಡುಗಡೆಯಾದದ್ದು 1946ರ ಡಿಸೆಂಬರಿನಲ್ಲಿ. ಸಾಲದ ಸಂಕಟದಲ್ಲಿ ಪ್ರಾಣ ಬಿಡಲು ಹೊರಟ ಸಣ್ಣ ಊರಿನ ಒಬ್ಬ ಮನುಷ್ಯನಿಗೆ, ಅವನು ಹುಟ್ಟದೇ ಇದ್ದಿದ್ದರೆ ಊರು ಏನಾಗುತ್ತಿತ್ತು ಎಂದು ದೇವದೂತ ತೋರಿಸಿಕೊಡುವ ಕತೆ ಅದು. ಚಿತ್ರಕ್ಕೆ ಐದು ಆಸ್ಕರ್ ನಾಮನಿರ್ದೇಶನಗಳು ಬಂದವು, ಹಾಕಿದ ಹಣ ಮಾತ್ರ ಬರಲಿಲ್ಲ. ಸುಮಾರು ಮೂರು ದಶಕ ಅದು ಹಬ್ಬದ ಸಿನಿಮಾ ಆಗಲೇ ಇಲ್ಲ. ಆಗಿನ ಅಮೆರಿಕನ್ ಕಾನೂನಿನಂತೆ ಹಕ್ಕುಸ್ವಾಮ್ಯ ಇಪ್ಪತ್ತೆಂಟು ವರ್ಷಕ್ಕೆ ಮುಗಿಯುತ್ತಿತ್ತು, ಅರ್ಜಿ ಹಾಕಿ ನವೀಕರಿಸಬೇಕಿತ್ತು. 1974ರಲ್ಲಿ ಆ ನವೀಕರಣ ಆಗಲಿಲ್ಲ. ಸ್ಥಳೀಯ ಟೆಲಿವಿಷನ್ ಕೇಂದ್ರಗಳು ದುಡ್ಡು ಕೊಡದೆ ಡಿಸೆಂಬರಿನಲ್ಲಿ ಮತ್ತೆ ಮತ್ತೆ ಅದನ್ನು ತೋರಿಸತೊಡಗಿದವು. ಹತ್ತು ವರ್ಷ ತುಂಬುವಷ್ಟರಲ್ಲಿ ಅದನ್ನು ನೋಡದೆ ಕ್ರಿಸ್‌ಮಸ್ ಇಲ್ಲ ಎನ್ನುವ ಕುಟುಂಬಗಳು ಹುಟ್ಟಿಕೊಂಡವು. ಸಿನಿಮಾದ ಒಂದು ದೃಶ್ಯವೂ ಬದಲಾಗಿರಲಿಲ್ಲ, ನಟರು ಅವರೇ, ಕತೆ ಅದೇ. ಬದಲಾದದ್ದು ಬೀಗ ತೆರೆದದ್ದು ಮಾತ್ರ. ಹಾಗೆಂದು ಬೀಗ ತೆರೆದರೆ ಸಾಕು ಎನ್ನುವಂತಿಲ್ಲ. ಅದೇ ರೀತಿ ಹಕ್ಕು ಕಳೆದುಕೊಂಡ ಎಷ್ಟೋ ಸಿನಿಮಾಗಳ ಹೆಸರು ಯಾರಿಗೂ ನೆನಪಿಲ್ಲ. ಬಿಡುಗಡೆ ಸಿಕ್ಕ ವಸ್ತುವಿನಲ್ಲಿ ಜನ ಮರಳಿ ಮರಳಿ ಬರುವಂಥ ಸತ್ವ ಇರಬೇಕು, ಸತ್ವ ಇದ್ದದ್ದಕ್ಕೆ ಬಿಡುಗಡೆಯೂ ಸಿಗಬೇಕು. ಎರಡೂ ಕೂಡಿದಾಗ ಸಂಪ್ರದಾಯ ಹುಟ್ಟುತ್ತದೆ.

ಇದಕ್ಕೆ ಎದುರಾಗಿ ಗಟ್ಟಿಯಾದ ಆಕ್ಷೇಪವೊಂದಿದೆ. ಒಡೆತನ ಕೊನೆಯವರೆಗೆ ಉಳಿದೂ ಹಬ್ಬದ ಭಾಗವಾದ ಕೃತಿಗಳಿಲ್ಲವೇ? ಇವೆ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಹುಟ್ಟಿದ್ದೇ ಅಂಗಡಿಯಲ್ಲಿ. 1939ರಲ್ಲಿ ಶಿಕಾಗೋದ ಮಾಂಟ್‌ಗೊಮೆರಿ ವಾರ್ಡ್ ಮಳಿಗೆಯ ಜಾಹೀರಾತು ಬರಹಗಾರ ರಾಬರ್ಟ್ ಮೇ, ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲು ಆ ಕತೆ ಬರೆದರು. ಮೊದಲ ವರ್ಷವೇ 24 ಲಕ್ಷ ಪ್ರತಿ ಹಂಚಿಹೋದವು. 1947ರಲ್ಲಿ ಕಂಪನಿ ಹಕ್ಕನ್ನು ಮೇ ಅವರಿಗೇ ಬಿಟ್ಟುಕೊಟ್ಟಿತು, ಅವರ ಭಾವಮೈದುನ ಜಾನಿ ಮಾರ್ಕ್ಸ್ ಹಾಡು ಬರೆದರು, 1949ರಲ್ಲಿ ಜೀನ್ ಆಟ್ರಿ ಅದನ್ನು ಹಾಡಿದರು. ಹಕ್ಕಿನ ಕಾಗದಗಳೆಲ್ಲ ಭದ್ರವಾಗಿದ್ದ ಕೃತಿ ಇದು. ಆದರೆ ಅಮೆರಿಕದ ಮಕ್ಕಳು ಅದನ್ನು ಹೇಗೆ ಹಾಡುತ್ತಾರೆ ನೋಡಿ. ಪ್ರತಿ ಸಾಲಿನ ಕೊನೆಗೆ ಮೂಲದಲ್ಲಿಲ್ಲದ ಕೂಗೊಂದನ್ನು ಸೇರಿಸುತ್ತಾರೆ, ಆ ಕೂಗುಗಳು ಶಾಲೆಯಿಂದ ಶಾಲೆಗೆ ಬೇರೆಬೇರೆ. ಅವನ್ನು ಯಾವ ಪ್ರಕಾಶಕನೂ ಅಚ್ಚು ಹಾಕಿ ಕಲಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ನಮ್ಮ ದಾಸರ ಪದಗಳನ್ನು ನೆನೆದರೆ ಇದು ತಿಳಿಯಾಗುತ್ತದೆ. 'ಪುರಂದರ ವಿಠಲ' ಎಂಬ ಅಂಕಿತ ಐನೂರು ವರ್ಷ ಅಳಿಯದೆ ನಿಂತಿದೆ. ಆದರೂ ಒಂದೇ ಪದವನ್ನು ಹುಬ್ಬಳ್ಳಿಯಲ್ಲಿ ಒಂದು ರಾಗದಲ್ಲಿ, ಮೈಸೂರಿನಲ್ಲಿ ಇನ್ನೊಂದು ರಾಗದಲ್ಲಿ, ಭಜನೆ ಮನೆಯಲ್ಲಿ ಮತ್ತೊಂದು ಧಾಟಿಯಲ್ಲಿ ಹಾಡುತ್ತಾರೆ. ಹೆಸರು ಉಳಿಯುವುದು ಬೇರೆ, ಹಿಡಿತ ಉಳಿಯುವುದು ಬೇರೆ. ನನ್ನ ವಾದ ಇರುವುದು ಹಿಡಿತದ ಬಗ್ಗೆ. ಅಂಕಿತವನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ.

ಇನ್ನೊಂದು ಆಕ್ಷೇಪ ಶ್ರದ್ಧೆಯ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಇದು ಯೇಸುವಿನ ಜನ್ಮದ ಹಬ್ಬ. ಹಿಮಸಾರಂಗ, ಸಿನಿಮಾ, ಸಾಂಟಾ ಎಂದು ಮಾತಾಡುವುದೇ ದಾರಿ ತಪ್ಪಿದ್ದು ಎನ್ನುವವರಿದ್ದಾರೆ. ಈ ಆಕ್ಷೇಪಕ್ಕೆ ನಾಲ್ಕು ಶತಮಾನದ ವಯಸ್ಸಿದೆ. ಬೈಬಲಿನಲ್ಲಿ ಹುಟ್ಟಿದ ದಿನ ಹೇಳಿಲ್ಲ ಎಂಬ ಕಾರಣವನ್ನೂ ಮುಂದೊಡ್ಡಿ ಇಂಗ್ಲೆಂಡಿನ ಪ್ಯೂರಿಟನ್ನರ ಸಂಸತ್ತು 1647ರಲ್ಲಿ ಹಬ್ಬವನ್ನೇ ನಿಷೇಧಿಸಿತು. ಅದೇ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯ ಜನ ದಂಗೆ ಎದ್ದರು. ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ವಿಧಿಸಿತು, 1681ರಲ್ಲಿ ಆ ಕಾನೂನನ್ನು ಕೈಬಿಡಬೇಕಾಯಿತು. ವ್ಯಾಪಾರಿಯ ಕೈಯನ್ನು ಮೀರಿದ ಹಬ್ಬ ಸರಕಾರದ ಕೈಯನ್ನೂ ಮೀರಿತು. ಶ್ರದ್ಧೆಯ ಒಳಗೇ ಇರುವ ಸಾಕ್ಷಿ ಇನ್ನೂ ಬಲವಾದದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಲ್ಲಿ ಅಸ್ಸೀಸಿಯ ಫ್ರಾನ್ಸಿಸ್, ನಿಜವಾದ ಹುಲ್ಲು ಹಾಸಿ, ಎತ್ತು ಕತ್ತೆ ತಂದು ನಿಲ್ಲಿಸಿ ಕ್ರಿಸ್ತ ಜನನವನ್ನು ಕಣ್ಣಿಗೆ ಕಟ್ಟಿದರು. ಬಲಿಪೂಜೆಯ ಲ್ಯಾಟಿನ್ ಅರ್ಥವಾಗದ ಹಳ್ಳಿಗರಿಗೆ ಹುಲ್ಲಿನ ವಾಸನೆ ಅರ್ಥವಾಯಿತು. ಮಂಗಳೂರು ಕಡೆಯ ಮನೆಗಳಲ್ಲಿ ಮಕ್ಕಳು ಕಟ್ಟುವ ಗೋದಲಿ ಆ ಗ್ರೆಚ್ಚೊದ ಮೊಮ್ಮಗು. ದೇವರು ಮನುಷ್ಯನಾಗಿ ಕೊಟ್ಟಿಗೆಯಲ್ಲಿ ಹುಟ್ಟಿದ ಎಂದು ನಂಬುವ ಹಬ್ಬ ಜನರ ಕೈಗೆ ಸಿಗುವುದರಲ್ಲಿ ಅದರ ಶ್ರದ್ಧೆಗೆ ವಿರುದ್ಧವಾದದ್ದು ನನಗೆ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ನ್ಯಾಯದ್ದು. ಕೈ ಮೀರುವುದು ಕೇಳಲು ಚೆಂದ, ಆದರೆ ಅದರ ಬೆಲೆ ತೆತ್ತವರು ಯಾರು? ಯೋಸೆಫ್ ಮೋರ್ ಬಡವರಾಗಿಯೇ ತೀರಿಕೊಂಡರು. ಡಿಕನ್ಸ್ ಗೆದ್ದು ಸೋತರು. ಬರೆದವರ ಹೊಟ್ಟೆಯ ಮೇಲೆ ಹೊಡೆದು ಕಟ್ಟಿದ ಸಂಪ್ರದಾಯವನ್ನು ಕೊಂಡಾಡಲಾಗದು, ನಾನೂ ಕೊಂಡಾಡುವುದಿಲ್ಲ. ಕರ್ತೃವಿಗೆ ಕೂಲಿ ಸಲ್ಲಬೇಕು, ಬದುಕಿರುವಷ್ಟು ಕಾಲ ಗೌರವದಿಂದ ಸಲ್ಲಬೇಕು. ಕೂಲಿ ಸಂದ ಮೇಲೆ, ಒಂದು ಕಾಲಮಿತಿ ಮುಗಿದ ಮೇಲೆ, ಕೃತಿ ಊರಿನದಾಗಬೇಕು. ಕಾಪ್ರಾ ಅವರ ಸಿನಿಮಾದಲ್ಲಿ ಆದದ್ದು ಇದರ ವಿಲೋಮ. ಜನ ಇಪ್ಪತ್ತು ವರ್ಷ ನೋಡಿ ನೋಡಿ ಅದನ್ನು ಹಬ್ಬವಾಗಿಸಿದ ಬಳಿಕ, 1993ರಲ್ಲಿ ಒಂದು ಕಂಪನಿ ಮೂಲಕತೆ ಮತ್ತು ಸಂಗೀತದ ಹಕ್ಕಿನ ಎಳೆ ಹಿಡಿದು ಮುಕ್ತ ಪ್ರದರ್ಶನವನ್ನು ನಿಲ್ಲಿಸಿತು. ಮರುವರ್ಷದಿಂದ ಅದು ಒಂದೇ ವಾಹಿನಿಯ ಪಾಲಾಯಿತು. ಬೆಲೆ ಹುಟ್ಟಿಸಿದವರು ನೋಡುಗರು, ಬೆಲೆ ವಸೂಲಾದದ್ದು ಬೇರೆಡೆ. ಮಾರುಕಟ್ಟೆ ಹಬ್ಬವನ್ನು ಕೆಡಿಸುತ್ತದೆ ಎಂಬ ದೂರಿನಲ್ಲಿ ಸತ್ಯಾಂಶವಿದ್ದರೆ ಅದು ಇಲ್ಲಿದೆ. ಮಾರುವುದು ಕೇಡಲ್ಲ. ಮಾರಿದ ಮೇಲೂ ಬಿಡದಿರುವುದು, ಜನ ಬೆಳೆಸಿದ್ದಕ್ಕೆ ಮತ್ತೆ ಬೇಲಿ ಹಾಕುವುದು ಕೇಡು.

ಈಗಿನ ಕಾಲದಲ್ಲಿ ಆ ಬೇಲಿ ಹೆಚ್ಚು ಗಟ್ಟಿಯಾಗಿದೆ ಎಂಬ ಆತಂಕ ನಿಜವಾದದ್ದು. ಮರಾಯಾ ಕ್ಯಾರಿ 1994ರಲ್ಲಿ ಹಾಡಿದ ಕ್ರಿಸ್‌ಮಸ್ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ್ದು ಇಪ್ಪತ್ತೈದು ವರ್ಷದ ನಂತರ, 2019ರ ಡಿಸೆಂಬರಿನಲ್ಲಿ. ಕೇಳುಗರು ವರ್ಷವರ್ಷವೂ ಅದಕ್ಕೆ ಮರಳಿದರು ಎಂಬುದಕ್ಕೆ ಇದು ಸಾಕ್ಷಿ, ಅಂದರೆ ಆವರ್ತನೆಯ ಹಸಿವು ಸತ್ತಿಲ್ಲ. ಆದರೆ ಫೋನಿನಲ್ಲಿ ಅದೇ ಧ್ವನಿ, ಅದೇ ಸ್ವರ, ಒಂದಿಷ್ಟೂ ಸವೆಯದೆ ಬರುತ್ತದೆ. ಸ್ಟ್ರಾಸರ್ ಕುಟುಂಬ ಸ್ವರ ಸವೆಸಿದಂತೆ ನಾವು ಅದನ್ನು ಸವೆಸುವುದಿಲ್ಲ, ಏಕೆಂದರೆ ನಾವು ಹಾಡುವುದಿಲ್ಲ, ಕೇಳುತ್ತೇವೆ. ಕಾನೂನಿನ ಬೇಲಿಗಿಂತ ಈ ಕೈಕಟ್ಟಿ ಕೂರುವ ಅಭ್ಯಾಸ ಹಬ್ಬಕ್ಕೆ ದೊಡ್ಡ ಅಪಾಯ.

ನಮ್ಮ ಕರಾವಳಿಯ ಕುಸ್ವಾರ್ ಈ ಮಾತಿಗೆ ಒಳ್ಳೆಯ ಅಳತೆಗೋಲು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ ಒಟ್ಟು ಹೆಸರು ಅದು. ನಮ್ಮ ಕರ್ಜಿಕಾಯಿಯ ಬಳಗದ ನೆವ್ರ್ಯೊ ಅದರಲ್ಲಿದೆ, ಗುಳಿಯೊ ಇದೆ, ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಕೊಕ್ಕಿಸಾಂ ಇದೆ, ಕಿಡ್ಯೊ ಇದೆ. ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಗೋಲಿಯಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ ಬಿಟ್ಟರೆ ಮೈಮೇಲೆ ಗೆರೆ ಮೂಡಿದ ಪುಟ್ಟ ಹುಳು. ಅದನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಒಂದು ಡಬ್ಬಿ ತುಂಬಲು ನೂರಾರು ಸುರುಳಿ ಬೇಕು, ಒಬ್ಬರ ಕೈಯಿಂದ ಆಗುವ ಕೆಲಸವಲ್ಲ, ಮನೆಯ ಮಕ್ಕಳು ಮುದುಕರೆಲ್ಲ ಕೂತರೆ ಮುಗಿಯುತ್ತದೆ. ತಟ್ಟೆ ತುಂಬಿ ಅದು ನೆರೆಮನೆಗೆ ಹೋಗುತ್ತದೆ, ನೆರೆಯವರ ಜಾತಿ ಧರ್ಮ ಯಾವುದೇ ಇರಲಿ. ಇವತ್ತು ಕುಸ್ವಾರ್ ಬೇಕರಿಗಳಲ್ಲಿ ಪೊಟ್ಟಣ ಕಟ್ಟಿಯೂ ಸಿಗುತ್ತದೆ. ದುಡಿಯುವ ಹೆಂಗಸರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಆಕ್ಷೇಪಿಸಲು ಯಾರಿಗೂ ಹಕ್ಕಿಲ್ಲ. ಆದರೆ ಬಾಚಣಿಗೆಯ ಮೇಲೆ ಹಿಟ್ಟು ಒತ್ತಲು ಬಲ್ಲ ಬೆರಳು ಮನೆಯಲ್ಲಿ ಒಂದೂ ಉಳಿಯದ ದಿನ ಬಂದರೆ, ಅಂದು ಆ ತಿಂಡಿ ಸರಕಾಗಿ ಮಾತ್ರ ಉಳಿಯುತ್ತದೆ. ಹಾಗಾಗಬಾರದು. ಒಂದು ಹಾಡನ್ನಾದರೂ ನಮ್ಮ ಗಂಟಲಿನಿಂದ ಹಾಡೋಣ, ಒಂದು ತಿಂಡಿಯನ್ನಾದರೂ ನಮ್ಮ ಕೈಯಿಂದ ಸುತ್ತೋಣ, ಸುತ್ತುವುದನ್ನು ಮುಂದಿನ ಕೈಗೆ ಕಲಿಸೋಣ.

ನಾವು ಸೇರಿರುವ ಈ ದತ್ತಿ ಉಪನ್ಯಾಸದ ಹೆಸರಲ್ಲೇ ನನ್ನ ವಾದದ ಸಾರವಿದೆ. ದತ್ತಿ ಎಂದರೆ ಕೊಟ್ಟದ್ದು. ಕೊಟ್ಟವರ ಹೆಸರು ಅದರ ಮೇಲೆ ಇರುತ್ತದೆ, ಕೈ ಇರುವುದಿಲ್ಲ. ಮೋರ್ ಮತ್ತು ಗ್ರೂಬರ್ ಅವರ ಹಾಡು ಲೋಕಕ್ಕೆ ಸಿಕ್ಕಿದ್ದು ಹೀಗೆ. ನಮ್ಮ ಕಾಲದಲ್ಲಿ ಹುಟ್ಟುವ ಹಾಡುಗಳೂ ಹೀಗೆಯೇ ಮುಂದಿನವರಿಗೆ ಸಿಗಲಿ.